ಬಾಗಿಲು ತೆರೆದ ಕಾನೂನು ಎಷ್ಟು ಕಲಿಕೆಯ ಮಾತು ಕೊಟ್ಟಿತ್ತು? ಅಮೆರಿಕದ ವಿಶೇಷ ಶಿಕ್ಷಣ ಕಾಯ್ದೆಯ ಇತಿಹಾಸ ಕುರಿತು ಚರ್ಚೆ

ಕಾನೂನಿನ ಓದುಗ (ಚರ್ಚೆ ಆರಂಭಿಸಿದವರು):

ಅಂಗವಿಕಲ ಮಕ್ಕಳ ಶಿಕ್ಷಣದ ಹಕ್ಕಿನ ಬಗ್ಗೆ ಬರೆಯುವವರು ಅಮೆರಿಕದ 1975ರ ಕಾಯ್ದೆಯನ್ನು ಒಮ್ಮೆಯಾದರೂ ನೆನೆಯುತ್ತಾರೆ. ಆ ವರ್ಷದ ನವೆಂಬರ್ 29ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ‘ಎಲ್ಲ ಅಂಗವಿಕಲ ಮಕ್ಕಳ ಶಿಕ್ಷಣ ಕಾಯ್ದೆ’ ಶಾಲೆಯ ಬಾಗಿಲನ್ನು ತೆರೆಯಿತು ಎಂಬುದರಲ್ಲಿ ನನಗೂ ಸಂಶಯವಿಲ್ಲ. ಆದರೆ ಒಳಗೆ ಬಂದ ಮಗುವಿಗೆ ಎಷ್ಟು ಕಲಿಸಬೇಕು ಎಂಬ ಪ್ರಶ್ನೆಗೆ ಅದು ನೇರವಾಗಿ ಉತ್ತರಿಸಲಿಲ್ಲ. ಮಗುವಿನ ಶಿಕ್ಷಣವನ್ನು ತೀರ್ಮಾನಿಸುವ ಸಭೆಯಲ್ಲಿ ತಂದೆತಾಯಿಗೊಂದು ಕುರ್ಚಿ, ಮುಂಚಿತವಾಗಿ ಒಂದು ನೋಟಿಸು, ಒಮ್ಮತವಾಗದಿದ್ದರೆ ವಿಚಾರಣೆಗೆ ಹೋಗುವ ದಾರಿ, ಇಷ್ಟನ್ನು ಮಾತ್ರ ಖಚಿತವಾಗಿ ಕೊಟ್ಟಿತು. ಮುಂದಿನ ಅರ್ಧ ಶತಮಾನದ ಗೆಲುವುಗಳೂ ಸೋಲುಗಳೂ ಈ ಆಯ್ಕೆಯಿಂದಲೇ ಹುಟ್ಟಿದವು ಎಂಬುದು ನನ್ನ ವಾದ. ತಪ್ಪಿದ್ದರೆ ಬಲ್ಲವರು ತಿದ್ದಬೇಕು.

ಕಾಯ್ದೆಗೆ ಮೊದಲಿನ ಸ್ಥಿತಿಯನ್ನು ಸ್ವಲ್ಪ ವಿವರಿಸುವುದು ಅಗತ್ಯ. 1918ರ ಹೊತ್ತಿಗೆ ಅಲ್ಲಿನ ಎಲ್ಲ ರಾಜ್ಯಗಳಲ್ಲೂ ಕಡ್ಡಾಯ ಶಿಕ್ಷಣದ ಕಾನೂನು ಇತ್ತು. ಆದರೆ ಅದೇ ಕಾನೂನುಗಳು ಅಂಗವಿಕಲ ಮಕ್ಕಳಿಗೆ ‘ವಿನಾಯಿತಿ’ಯನ್ನೂ ಕೊಟ್ಟಿದ್ದವು, ಆ ವಿನಾಯಿತಿ ಅವರನ್ನು ಹೊರಗಿಡಲು ಶಾಲೆಗಳಿಗೆ ಸಿಕ್ಕ ಅನುಮತಿಯಾಗಿತ್ತು. ಮ್ಯಾಸಚೂಸೆಟ್ಸ್‌ನ ಉಚ್ಚ ನ್ಯಾಯಾಲಯ 1893ರಲ್ಲಿಯೇ ಇಂಥ ಹೊರಹಾಕುವಿಕೆಯನ್ನು ಎತ್ತಿಹಿಡಿದಿತ್ತು. 1919ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಆಂಟಿಗೊ ಪಟ್ಟಣದ ಪ್ರಕರಣ ಇನ್ನೂ ಕಠೋರವಾದದ್ದು. ಹುಟ್ಟಿನಿಂದ ಪಾರ್ಶ್ವವಾಯು ಇದ್ದ ಆ ಹುಡುಗ ಪಾಠದಲ್ಲಿ ಹಿಂದೆ ಬಿದ್ದಿರಲಿಲ್ಲ, ಐದನೆಯ ತರಗತಿಯವರೆಗೂ ಸಾಮಾನ್ಯ ಶಾಲೆಯಲ್ಲೇ ಓದಿದ್ದ. ಅವನ ಮಾತು, ಮುಖಚಹರೆ, ಸುರಿಯುವ ಜೊಲ್ಲು ಶಿಕ್ಷಕರಿಗೂ ಸಹಪಾಠಿಗಳಿಗೂ ಖಿನ್ನತೆ ಮತ್ತು ವಾಕರಿಕೆ ತರುತ್ತವೆ ಎಂಬುದು ಶಾಲೆಯ ಆಕ್ಷೇಪ. ರಾಜ್ಯದ ಸರ್ವೋಚ್ಚ ನ್ಯಾಯಾಲಯ ಶಾಲಾ ಮಂಡಳಿಯ ಪರವಾಗಿಯೇ ನಿಂತಿತು. ನೋಡುವವರಿಗಾಗುವ ಅಹಿತವನ್ನು ಕಲಿಯುವವನ ಹಕ್ಕಿಗಿಂತ ಭಾರವಾಗಿ ತೂಗಿದ ತೀರ್ಪು ಅದು.

ಈ ತರ್ಕವನ್ನು ಮುರಿಯಲು ಅಮೆರಿಕದ ಸುಪ್ರೀಂ ಕೋರ್ಟಿನ 1954ರ ಬ್ರೌನ್ ತೀರ್ಪು ಬೇಕಾಯಿತು. ಜನಾಂಗದ ಆಧಾರದ ಮೇಲೆ ಶಾಲೆಗಳನ್ನು ಬೇರ್ಪಡಿಸುವುದು ಸಂವಿಧಾನಬಾಹಿರ ಎಂದ ಆ ತೀರ್ಪು, ರಾಜ್ಯವು ಶಿಕ್ಷಣ ಕೊಡಲು ಒಪ್ಪಿಕೊಂಡ ಮೇಲೆ ಅದನ್ನು ಎಲ್ಲರಿಗೂ ಸಮಾನ ನೆಲೆಯಲ್ಲಿ ಕೊಡಬೇಕು ಎಂದು ಸ್ಪಷ್ಟವಾಗಿ ಹೇಳಿತ್ತು. ಅಂಗವಿಕಲ ಮಕ್ಕಳ ಪೋಷಕರು ಆ ಒಂದು ವಾಕ್ಯವನ್ನು ಹಿಡಿದು ನ್ಯಾಯಾಲಯಕ್ಕೆ ಹೋಗಲು ಇನ್ನೂ ಹದಿನೇಳು ವರ್ಷ ಹಿಡಿಯಿತು. 1971ರ ಜನವರಿಯಲ್ಲಿ ಪೆನ್ಸಿಲ್ವೇನಿಯಾದ ಪೋಷಕರ ಸಂಘಟನೆ ತನ್ನ ರಾಜ್ಯದ ಮೇಲೆ ದಾವೆ ಹೂಡಿತು. ಮೊದಲನೆಯ ತರಗತಿಗೆ ಸೇರುವ ಹೊತ್ತಿಗೆ ಐದು ವರ್ಷದ ‘ಮಾನಸಿಕ ವಯಸ್ಸು’ ಮುಟ್ಟದ ಮಗುವನ್ನು ಶಾಲೆಗಳು ನಿರಾಕರಿಸಬಹುದೆಂದು ಅಲ್ಲಿನ ಕಾನೂನು ಹೇಳುತ್ತಿತ್ತು. ಪೋಷಕರ ವಕೀಲ ಥಾಮಸ್ ಗಿಲ್‌ಹೂಲ್ ಅವರ ಸ್ವಂತ ತಮ್ಮನೇ ಬೌದ್ಧಿಕ ಅಂಗವಿಕಲರನ್ನು ಇಡುತ್ತಿದ್ದ ಅದೇ ರಾಜ್ಯದ ಪೆನ್‌ಹರ್ಸ್ಟ್ ಸಂಸ್ಥೆಯಲ್ಲಿ ಇದ್ದವನು. ಪ್ರಕರಣ ಪೂರ್ಣ ತೀರ್ಪಿನವರೆಗೆ ಹೋಗದೆ ಎರಡೂ ಕಡೆಯವರು ಒಪ್ಪಿದ ಆದೇಶದಲ್ಲಿ ಮುಗಿಯಿತು: ಪ್ರತಿಯೊಂದು ಮಗುವೂ ಕಲಿಯಬಲ್ಲದು, ನೋಟಿಸು ಮತ್ತು ವಿಚಾರಣೆ ಇಲ್ಲದೆ ಯಾರನ್ನೂ ಹೊರಹಾಕುವಂತಿಲ್ಲ.

1972ರ ಆಗಸ್ಟ್‌ನಲ್ಲಿ ರಾಜಧಾನಿ ವಾಷಿಂಗ್ಟನ್ನಿನ ಏಳು ಮಕ್ಕಳ ಪ್ರಕರಣದಲ್ಲಿ ನ್ಯಾಯಾಧೀಶ ಜೋಸೆಫ್ ವಾಡಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಹಣವಿಲ್ಲ ಎಂಬುದು ಶಾಲಾ ಮಂಡಳಿಯ ಉತ್ತರವಾಗಿತ್ತು. ಹಣ ಸಾಲದಿದ್ದರೆ ಅದರ ಭಾರವನ್ನು ಎಲ್ಲ ಮಕ್ಕಳೂ ಹೊರಬೇಕೇ ಹೊರತು ಅಂಗವಿಕಲ ಮಕ್ಕಳ ತಲೆಗೇ ಅದನ್ನು ಹೆಚ್ಚಾಗಿ ಕಟ್ಟುವಂತಿಲ್ಲ ಎಂಬುದು ಅವರ ಆದೇಶದ ತಿರುಳು. ಈ ಎರಡು ಆದೇಶಗಳಲ್ಲಿದ್ದ ವಿಧಿವಿಧಾನಗಳೇ ಮೂರು ವರ್ಷಗಳ ಬಳಿಕ ಕಾಯ್ದೆಯ ಬೆನ್ನೆಲುಬಾದವು. ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಅಂಗವಿಕಲ ಮಕ್ಕಳಿದ್ದಾರೆ, ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಸೂಕ್ತ ಶಿಕ್ಷಣವಿಲ್ಲ, 10 ಲಕ್ಷ ಮಕ್ಕಳು ಸಾರ್ವಜನಿಕ ಶಾಲೆಯಿಂದ ಸಂಪೂರ್ಣ ಹೊರಗಿದ್ದಾರೆ ಎಂದು ಸಂಸತ್ತು ಕಾಯ್ದೆಯಲ್ಲೇ ಬರೆದುಕೊಂಡಿತು. ಸಹಿಯ ಕುರಿತ ತಮ್ಮ ಹೇಳಿಕೆಯಲ್ಲೇ ಅಧ್ಯಕ್ಷ ಫೋರ್ಡ್, ಈ ಕಾಯ್ದೆ ಒಕ್ಕೂಟ ಸರ್ಕಾರದ ಕೈಲಾಗುವುದಕ್ಕಿಂತ ಹೆಚ್ಚಿನ ಭರವಸೆ ಕೊಡುತ್ತಿದೆ ಎಂದು ಎಚ್ಚರಿಸಿದ್ದರು. ಸರಾಸರಿ ಒಂದು ಮಗುವಿಗೆ ತಗಲುವ ವೆಚ್ಚದ ಶೇಕಡಾ 40ರಷ್ಟನ್ನು ಒಕ್ಕೂಟ ಸರ್ಕಾರ ಭರಿಸುವ ಗುರಿ ಅದರಲ್ಲಿತ್ತು. ಆ ಗುರಿಯನ್ನು ಅದು ಒಂದು ವರ್ಷವೂ ಮುಟ್ಟಿಲ್ಲ, ಈ ಒಂದು ವಿಷಯದಲ್ಲಿ ಫೋರ್ಡ್ ಮಾತು ಸುಳ್ಳಾಗಲಿಲ್ಲ.

ಇತಿಹಾಸದ ವಿದ್ಯಾರ್ಥಿನಿ:

ಓದುಗರೇ, ಪ್ರಕರಣಗಳ ಸಾಲನ್ನು ಚೆನ್ನಾಗಿ ಕಟ್ಟಿದ್ದೀರಿ. ಆದರೆ ಈ ಇತಿಹಾಸದಲ್ಲಿ ವಕೀಲರು, ನ್ಯಾಯಾಧೀಶರು, ತಂದೆತಾಯಿ ಮಾತ್ರ ಇದ್ದಾರೆ; ಅಂಗವಿಕಲರೇ ಇಲ್ಲ. 1973ರ ಪುನರ್ವಸತಿ ಕಾಯ್ದೆಯ 504ನೆಯ ಸೆಕ್ಷನ್ ಬಗ್ಗೆ ನೀವು ಒಂದು ಸಾಲನ್ನೂ ಬರೆದಿಲ್ಲ. ಒಕ್ಕೂಟ ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡುವಂತಿಲ್ಲ ಎನ್ನುವ ಆ ಒಂದೇ ವಾಕ್ಯವನ್ನು 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಮಾದರಿಯಲ್ಲಿ ಬರೆದು, ಹೆಚ್ಚಿನ ಚರ್ಚೆಯೇ ಇಲ್ಲದೆ ಸೇರಿಸಲಾಗಿತ್ತು. ನಿಯಮಾವಳಿ ಹೊರಡದ ಹೊರತು ವಾಕ್ಯಕ್ಕೆ ಜೀವವಿರಲಿಲ್ಲ, ನಿಯಮಾವಳಿಯೋ ನಾಲ್ಕು ವರ್ಷ ಕಚೇರಿಯ ಮೇಜಿನ ಮೇಲೆಯೇ ಕುಳಿತಿತ್ತು.

ಅದಕ್ಕೆ ಸಹಿ ಹಾಕಿಸಿದ್ದು ಯಾವ ನ್ಯಾಯಾಲಯವೂ ಅಲ್ಲ. 1977ರ ಏಪ್ರಿಲ್ 5ರಂದು ಸ್ಯಾನ್ ಫ್ರಾನ್ಸಿಸ್ಕೊದ ಒಕ್ಕೂಟ ಸರ್ಕಾರದ ಕಟ್ಟಡದೊಳಗೆ ಹೋದ ನೂರಕ್ಕೂ ಹೆಚ್ಚು ಅಂಗವಿಕಲರು ಮೂರೂವರೆ ವಾರ ಹೊರಬರಲಿಲ್ಲ. ಗಾಲಿಕುರ್ಚಿಯಲ್ಲಿ ಇದ್ದವರು, ರಾತ್ರಿ ಮಗ್ಗುಲು ಬದಲಿಸಲೂ ಇನ್ನೊಬ್ಬರ ಸಹಾಯ ಬೇಕಾದವರು, ಔಷಧಿ ಮತ್ತು ಸಹಾಯಕರಿಲ್ಲದೆ ನೆಲದ ಮೇಲೆ ಮಲಗಿದರು. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ದಿನವೂ ಬಿಸಿಯೂಟ ತಂದುಕೊಟ್ಟರು. ಏಪ್ರಿಲ್ 28ರಂದು ಸಚಿವ ಜೋಸೆಫ್ ಕ್ಯಾಲಿಫಾನೊ ನಿಯಮಾವಳಿಗೆ ಸಹಿ ಹಾಕಿದರು.

ಧರಣಿಯ ಮುಂದಾಳುಗಳಲ್ಲಿ ಒಬ್ಬರಾದ ಜೂಡಿತ್ ಹ್ಯೂಮನ್ ಅವರನ್ನು ಮಗುವಾಗಿದ್ದಾಗ, ಗಾಲಿಕುರ್ಚಿ ಬೆಂಕಿ ಅನಾಹುತಕ್ಕೆ ಅಡ್ಡಿ ಎಂಬ ನೆಪ ಹೇಳಿ, ಶಾಲೆಗೆ ಸೇರಿಸಿಕೊಂಡಿರಲಿಲ್ಲ. 1970ರಲ್ಲಿ ಅವರು ಶಿಕ್ಷಕಿಯಾಗಲು ಹೊರಟಾಗ ನ್ಯೂಯಾರ್ಕ್ ಶಿಕ್ಷಣ ಮಂಡಳಿ ಪರವಾನಗಿ ನಿರಾಕರಿಸಿತು. ಆ ದಾವೆ ಬಂದದ್ದು ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ ಎಂಬ ನ್ಯಾಯಾಧೀಶೆಯ ಮುಂದೆ. ಬ್ರೌನ್ ಪ್ರಕರಣದ ವಕೀಲರ ತಂಡದಲ್ಲಿ ಇದ್ದವರೇ ಇವರು. ಅವರ ನಿಲುವು ಕಂಡ ಮಂಡಳಿ ರಾಜಿಗೆ ಬಂದಿತು. ಬ್ರೌನ್ ಪ್ರಕರಣಕ್ಕೂ ಈ ಚಳವಳಿಗೂ ಇದ್ದ ನಂಟು ಬರಿಯ ತರ್ಕದ ನಂಟಾಗಿರಲಿಲ್ಲ, ಮನುಷ್ಯರ ನಂಟೂ ಆಗಿತ್ತು ಎನ್ನಲು ಇದನ್ನು ಹೇಳಿದೆ.

ಹೊಸ ಓದುಗ:

ಒಂದು ಸಣ್ಣ ಸಂದೇಹ. 504ನೆಯ ಸೆಕ್ಷನ್ ಮತ್ತು 1975ರ ಕಾಯ್ದೆ ಎರಡೂ ಶಾಲೆಗೆ ಅನ್ವಯಿಸುವುದಾದರೆ ಎರಡು ಕಾನೂನು ಏಕೆ ಬೇಕಿತ್ತು?

ಕಾನೂನಿನ ಓದುಗ:

ಒಂದು ತಾರತಮ್ಯವನ್ನು ನಿಷೇಧಿಸುತ್ತದೆ, ಇನ್ನೊಂದು ಸೇವೆಯನ್ನು ವಿಧಿಸುತ್ತದೆ. 504 ಹಣದೊಂದಿಗೆ ಬರುವುದಿಲ್ಲ. ಹಣ ಪಡೆದವರು ತಾರತಮ್ಯ ಮಾಡಬಾರದೆಂದು ಹೇಳುತ್ತದೆ. 1975ರ ಕಾಯ್ದೆ ರಾಜ್ಯಗಳಿಗೆ ಅನುದಾನ ಕೊಟ್ಟು, ಪ್ರತಿಯಾಗಿ ಪ್ರತಿ ಮಗುವಿಗೂ ಉಚಿತ ಮತ್ತು ಸೂಕ್ತ ಸಾರ್ವಜನಿಕ ಶಿಕ್ಷಣ, ವೈಯಕ್ತಿಕ ಶಿಕ್ಷಣ ಯೋಜನೆ, ಕನಿಷ್ಠ ನಿರ್ಬಂಧದ ವಾತಾವರಣ (ಸಾಧ್ಯವಾದಷ್ಟೂ ಇತರ ಮಕ್ಕಳ ಜೊತೆಯಲ್ಲೇ ಕಲಿಯುವ ಏರ್ಪಾಡು) ಇವುಗಳನ್ನು ಷರತ್ತಾಗಿ ಹಾಕುತ್ತದೆ. ಮಧುಮೇಹವಿರುವ ಮಗುವಿಗೆ ಬೇರೆ ಪಠ್ಯಕ್ರಮ ಬೇಕಾಗದಿರಬಹುದು, ಆದರೆ ತರಗತಿಯ ನಡುವೆ ಸಕ್ಕರೆಯ ಮಟ್ಟ ನೋಡಿಕೊಳ್ಳಲು ಅನುಮತಿ ಬೇಕು. ಅಂಥ ಮಗುವಿನ ಆಸರೆ 504. ವಿದ್ಯಾರ್ಥಿನಿಯವರೇ, ನಿಮ್ಮ ತಿದ್ದುಪಡಿಯನ್ನು ಒಪ್ಪಿಕೊಳ್ಳುತ್ತೇನೆ.

ವಿಶೇಷ ಶಿಕ್ಷಕಿ:

ನಾನು ತರಗತಿಯಲ್ಲಿ ಇರುವವಳು. ನಿಮ್ಮ ವಾದದಲ್ಲಿ ಅರ್ಧವನ್ನು ಮಾತ್ರ ಒಪ್ಪುತ್ತೇನೆ. ವಿಧಾನಕ್ಕೆ, ಅಂದರೆ ಸಭೆ, ನೋಟಿಸು, ವಿಚಾರಣೆಯ ಕ್ರಮಕ್ಕೆ, ಒತ್ತು ಕೊಟ್ಟರೆ ಏನಾಗುತ್ತದೆಂದರೆ, ಶಾಲೆ ಕಾಗದವನ್ನು ಚೆನ್ನಾಗಿ ಕಲಿಯುತ್ತದೆ. ಸಭೆ ನಡೆದ ದಿನಾಂಕ ಸರಿಯಿದೆಯೇ, ಸಹಿ ಬಿದ್ದಿದೆಯೇ, ಅವಧಿ ಮೀರಿಲ್ಲವೇ ಎಂಬುದನ್ನು ಪರಿಶೀಲಿಸುವುದು ಸುಲಭ. ಕಳೆದ ವರ್ಷ ಓದಲಾರದ ಮಗು ಈ ವರ್ಷ ಒಂದು ಪುಟ ಓದಿತೇ ಎಂದು ಕೇಳುವ ಅಧಿಕಾರಿಯನ್ನು ನಾನು ಅಪರೂಪಕ್ಕೆ ಕಂಡಿದ್ದೇನೆ.

ಆದರೂ, ವಿಧಾನ ಕೇವಲ ಕಾಗದ ಎನ್ನುವವರನ್ನೂ ನಾನು ಒಪ್ಪಲಾರೆ. ಆ ಕಾಯ್ದೆ ಬರುವವರೆಗೆ ವೈದ್ಯರು, ಮನೋವಿಜ್ಞಾನಿ, ಮುಖ್ಯೋಪಾಧ್ಯಾಯರು ಮುಚ್ಚಿದ ಕೋಣೆಯಲ್ಲಿ ತೀರ್ಮಾನ ಮಾಡಿ ತಾಯಿಗೆ ಫಲಿತಾಂಶವನ್ನು ಮಾತ್ರ ತಿಳಿಸುತ್ತಿದ್ದರು. ತಾಯಿಯೂ ಆ ಕೋಣೆಯಲ್ಲಿ ಕುಳಿತಿರುವಾಗ ‘ಈ ಮಗುವಿಗೆ ಏನೂ ಬಾರದು’ ಎಂಬ ಮಾತು ಅಷ್ಟು ಸಲೀಸಾಗಿ ಯಾರ ಬಾಯಿಂದಲೂ ಬರುವುದಿಲ್ಲ. 1988ರ ಹೋನಿಗ್ ಪ್ರಕರಣವನ್ನೇ ನೋಡಿ. ವರ್ತನೆಯ ತೊಂದರೆಯಿರುವ ಮಗುವನ್ನು ಅಪಾಯಕಾರಿ ಎಂದು ಹೆಸರಿಸಿ ಶಾಲೆ ತಾನೇ ಅನಿರ್ದಿಷ್ಟವಾಗಿ ಹೊರಗಿಡುವಂತಿಲ್ಲ, ವಿವಾದ ಬಗೆಹರಿಯುವವರೆಗೆ ಮಗು ಇದ್ದಲ್ಲಿಯೇ ಇರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದು ಶುದ್ಧ ವಿಧಾನದ ನಿಯಮ. ಆದರೆ ಅದರಿಂದ ಎಷ್ಟೋ ಮಕ್ಕಳ ವರ್ಷ ಉಳಿಯಿತು.

ಸಂಜ್ಞಾ ಭಾಷೆಯ ದುಭಾಷಿ:

‘ಎಷ್ಟು ಕಲಿಸಬೇಕು’ ಎಂಬ ಪ್ರಶ್ನೆ ಮೊದಲ ಬಾರಿಗೆ ಸುಪ್ರೀಂ ಕೋರ್ಟಿಗೆ ಹೋದದ್ದು ಒಬ್ಬ ಕಿವುಡ ಹುಡುಗಿಯ ಮೂಲಕ. ಆ ರೌಲಿ ಪ್ರಕರಣವನ್ನು ಇನ್ನೂ ಯಾರೂ ಎತ್ತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ನ್ಯೂಯಾರ್ಕ್ ರಾಜ್ಯದ ಏಮಿ ರೌಲಿ ಸಾಮಾನ್ಯ ಶಾಲೆಯಲ್ಲಿ ಓದುತ್ತಿದ್ದಳು. ತಂದೆತಾಯಿ ಇಬ್ಬರೂ ಕಿವುಡರು. ತುಟಿ ಓದುವುದರಲ್ಲಿ ಅವಳು ಚುರುಕಾಗಿದ್ದಳು. ಶಾಲೆ ಶ್ರವಣ ಸಾಧನವನ್ನೂ ಕೊಟ್ಟಿತ್ತು, ಅವಳು ತೇರ್ಗಡೆಯೂ ಆಗುತ್ತಿದ್ದಳು. ಆದರೆ ತರಗತಿಯಲ್ಲಿ ಆಡುವ ಮಾತಿನಲ್ಲಿ ಶೇಕಡಾ 60ಕ್ಕಿಂತ ಕಡಿಮೆ ಭಾಗ ಮಾತ್ರ ಅವಳಿಗೆ ತಲುಪುತ್ತಿತ್ತು. ಪೋಷಕರು ಕೇಳಿದ್ದು ಒಬ್ಬ ದುಭಾಷಿಯನ್ನು. 1982ರ ಜೂನ್‌ನಲ್ಲಿ ಆರು–ಮೂರರ ಬಹುಮತದಿಂದ ಕೋರ್ಟ್ ಬೇಡಿಕೆಯನ್ನು ತಳ್ಳಿಹಾಕಿತು. ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಬರೆದ ತೀರ್ಪಿನ ಪ್ರಕಾರ, ಮಗುವಿಗೆ ಸ್ವಲ್ಪ ಶೈಕ್ಷಣಿಕ ಪ್ರಯೋಜನ ಸಿಗುವಂತಿದ್ದು ವಿಧಾನ ಪಾಲನೆಯಾಗಿದ್ದರೆ ಸಾಕು, ಅದರ ಶಕ್ತಿಯನ್ನು ಪೂರ್ಣ ಹೊರತರುವ ಹೊಣೆ ಶಾಲೆಯದಲ್ಲ. ಓದುಗರ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆ ಲೆಕ್ಕದಲ್ಲಿ ಗಟ್ಟಿ ದನಿಯ ಶಿಕ್ಷಕರೊಬ್ಬರನ್ನು ಕೊಟ್ಟರೂ ಸಾಕಾದೀತಲ್ಲ ಎಂದು ಭಿನ್ನಮತದ ನ್ಯಾಯಮೂರ್ತಿ ವೈಟ್ ಚುಚ್ಚಿದರು.

ಏಮಿಯ ವಕೀಲ ಮೈಕೆಲ್ ಚಾಟಾಫ್ ಸ್ವತಃ ಕಿವುಡರು. ಆ ಕೋರ್ಟಿನಲ್ಲಿ ವಾದ ಮಂಡಿಸಿದ ಮೊದಲ ಕಿವುಡ ವಕೀಲರೂ ಅವರೇ. ನ್ಯಾಯಮೂರ್ತಿಗಳ ಪ್ರಶ್ನೆಗಳನ್ನು ಅಕ್ಷರವಾಗಿಸಿ ಅವರ ಮುಂದಿನ ಪರದೆಯ ಮೇಲೆ ಮೂಡಿಸುವ ವ್ಯವಸ್ಥೆಗೆ ಕೋರ್ಟ್ ಒಪ್ಪಿತ್ತು. ತನ್ನ ಅಂಗಳದಲ್ಲಿ ವಕೀಲರಿಗೆ ಪ್ರತಿ ಮಾತೂ ತಲುಪುವಂತೆ ನೋಡಿಕೊಂಡ ಕೋರ್ಟು, ತರಗತಿಯಲ್ಲಿ ಆ ಮಗುವಿಗೆ ಅಷ್ಟು ಬೇಕಿಲ್ಲ ಎಂದಿತು.

ಇನ್ನೊಂದು ತಕರಾರು. ‘ಕನಿಷ್ಠ ನಿರ್ಬಂಧದ ವಾತಾವರಣ’ ಎಂದರೆ ಸಾಮಾನ್ಯ ಶಾಲೆಯೇ ಎಂದು ಎಲ್ಲರೂ ಊಹಿಸಿಕೊಳ್ಳುತ್ತಾರೆ. ಕಿವುಡರ ಇತಿಹಾಸ ಅಷ್ಟು ಸರಳವಲ್ಲ. 1817ರಲ್ಲಿ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ ಪ್ಯಾರಿಸ್ಸಿನಿಂದ ಬಂದ ಕಿವುಡ ಶಿಕ್ಷಕ ಲೊರಾಂ ಕ್ಲೆರ್ ಮತ್ತು ಥಾಮಸ್ ಗ್ಯಾಲೊಡೆಟ್ ತೆರೆದ ಶಾಲೆಯಿಂದಲೇ ಅಮೆರಿಕದ ಸಂಜ್ಞಾ ಭಾಷೆ ಬೆಳೆಯಿತು. 1880ರಲ್ಲಿ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಬಾಯಿಮಾತಿನ ಪದ್ಧತಿಯೇ ಶ್ರೇಷ್ಠವೆಂದು ಗೊತ್ತುವಳಿ ಮಾಡಿತು. ಆಮೇಲೆ ಹಲವು ದಶಕ ಎಷ್ಟೋ ಶಾಲೆಗಳಲ್ಲಿ ಮಕ್ಕಳ ಕೈಗಳನ್ನೇ ಸುಮ್ಮನಾಗಿಸಲಾಯಿತು. ತನ್ನ ಭಾಷೆ ಬಲ್ಲವರು ಒಬ್ಬರೂ ಇಲ್ಲದ ಸಾಮಾನ್ಯ ತರಗತಿಯೇ ಕಿವುಡ ಮಗುವಿಗೆ ಎಲ್ಲಕ್ಕಿಂತ ನಿರ್ಬಂಧದ ಜಾಗವಾಗಬಹುದು. ಮಗುವಿನ ಭಾಷೆಯಲ್ಲಿ ಸಹಪಾಠಿಗಳೊಡನೆ ನೇರವಾಗಿ ಮಾತಾಡುವ ಅವಕಾಶವನ್ನು ಪರಿಗಣಿಸಬೇಕೆಂಬ ಮಾತು ಕಾಯ್ದೆಯೊಳಗೆ ಬರಲು 1997ರ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ಸಮಾಜಶಾಸ್ತ್ರದ ಓದುಗ:

ಹೊರಗಿಟ್ಟ ಮಕ್ಕಳ ಬಗ್ಗೆ ಮಾತಾಡಿದ್ದೀರಿ. ವಿಶೇಷ ತರಗತಿಗೆ ಸುಮ್ಮನೆ ತಳ್ಳಲ್ಪಟ್ಟ ಮಕ್ಕಳ ಇತಿಹಾಸವೂ ಇದೆ. ಕ್ಯಾಲಿಫೋರ್ನಿಯಾದಲ್ಲಿ ಸ್ಪ್ಯಾನಿಷ್ ಮಾತಾಡುವ ಮಕ್ಕಳಿಗೆ ಇಂಗ್ಲಿಷಿನಲ್ಲಿ ಬುದ್ಧಿಮತ್ತೆಯ ಪರೀಕ್ಷೆ ಕೊಟ್ಟು ‘ಮಂದಬುದ್ಧಿ’ಯವರೆಂದು ಹಣೆಪಟ್ಟಿ ಕಟ್ಟಲಾಗಿತ್ತು. 1970ರ ಡಯಾನಾ ಪ್ರಕರಣದ ರಾಜಿಯ ಬಳಿಕ ಮಗುವಿನ ಮನೆಮಾತಿನಲ್ಲೇ ಪರೀಕ್ಷಿಸಬೇಕೆಂದಾಯಿತು. ಸ್ಯಾನ್ ಫ್ರಾನ್ಸಿಸ್ಕೊದ ಕಪ್ಪು ಜನಾಂಗದ ಮಕ್ಕಳ ಪರವಾಗಿ 1971ರಲ್ಲಿ ಹೂಡಿದ ಲ್ಯಾರಿ ಪಿ. ಪ್ರಕರಣದಲ್ಲಿ ನ್ಯಾಯಾಧೀಶ ರಾಬರ್ಟ್ ಪೆಕ್‌ಹ್ಯಾಮ್ 1979ರಲ್ಲಿ ಅಂಥ ಪರೀಕ್ಷೆಗಳ ಬಳಕೆಯನ್ನೇ ತಡೆದರು. ಬ್ರೌನ್ ತೀರ್ಪು ಬೇರೆ ಬೇರೆ ಶಾಲೆಗಳನ್ನು ನಿಷೇಧಿಸಿದ ಮೇಲೆ ಒಂದೇ ಶಾಲೆಯ ಬೇರೆ ಕೊಠಡಿ ಅದೇ ಕೆಲಸವನ್ನು ಮಾಡಿತು. ಆದ್ದರಿಂದ ‘ಎಷ್ಟು ಮಕ್ಕಳಿಗೆ ವಿಶೇಷ ಶಿಕ್ಷಣ ಸಿಕ್ಕಿತು’ ಎಂಬ ಎಣಿಕೆಯನ್ನು ನಾನು ಯಾವಾಗಲೂ ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ.

ಕಾನೂನಿನ ಓದುಗ:

ದುಭಾಷಿಯವರು ರೌಲಿ ಪ್ರಕರಣ ತಂದದ್ದರಿಂದ ನನ್ನ ಮಾತನ್ನು ಮುಂದುವರಿಸಲು ಅನುಕೂಲವಾಯಿತು. ಕುರ್ಚಿಯನ್ನು ಕೊಟ್ಟರೆ ಸಾಲದು, ಕುಳಿತವರಿಗೆ ವಾದಿಸುವ ಶಕ್ತಿಯೂ ಬೇಕು. 2005ರ ಶೇಫರ್ ತೀರ್ಪಿನಲ್ಲಿ ರುಜುವಾತಿನ ಹೊಣೆ ದೂರು ತಂದವರದು ಎಂದಾಯಿತು. ದೂರು ತರುವವರು ಬಹುಪಾಲು ತಂದೆತಾಯಿಗಳೇ. ಮರುವರ್ಷದ ಆರ್ಲಿಂಗ್ಟನ್ ತೀರ್ಪಿನ ಪ್ರಕಾರ ಗೆದ್ದ ಪೋಷಕರಿಗೂ ತಜ್ಞ ಸಾಕ್ಷಿಗಳ ಶುಲ್ಕ ಹಿಂದಿರುಗುವುದಿಲ್ಲ. ಶಾಲಾ ಮಂಡಳಿಗೆ ಸಂಬಳದ ತಜ್ಞರೂ ವಕೀಲರೂ ಇದ್ದಾರೆ. ಎರಡು ಪಾಳಿ ದುಡಿಯುವ ತಾಯಿಗೆ ಅಂಥವರು ಯಾರೂ ಇಲ್ಲ. ಹಕ್ಕು ಎಲ್ಲರಿಗೂ ಒಂದೇ, ಅದನ್ನು ಬಳಸುವ ಖರ್ಚು ಮಾತ್ರ ಒಂದೇ ಅಲ್ಲ.

ಅಳತೆಯ ಪ್ರಶ್ನೆ 35 ವರ್ಷಗಳ ನಂತರ ಮತ್ತೆ ಕೋರ್ಟಿಗೆ ಬಂದಿತು. ಕೊಲರಾಡೊದ ಆಟಿಸಂ ಇರುವ ಬಾಲಕನೊಬ್ಬನ ವಾರ್ಷಿಕ ಯೋಜನೆಯಲ್ಲಿ ಹಳೆಯ ಗುರಿಗಳೇ ವರ್ಷ ವರ್ಷವೂ ಮರುಕಳಿಸುತ್ತಿದ್ದವು. ಶೂನ್ಯಕ್ಕಿಂತ ತುಸು ಹೆಚ್ಚು ಪ್ರಯೋಜನವಾದರೂ ಸಾಕು ಎಂಬುದು ಕೆಳಗಿನ ಮೇಲ್ಮನವಿ ನ್ಯಾಯಾಲಯದ ನಿಲುವು. 2017ರ ಮಾರ್ಚ್ 22ರಂದು ಎಂಟೂ ನ್ಯಾಯಮೂರ್ತಿಗಳು ಒಮ್ಮತದಿಂದ ಅದನ್ನು ತಿರಸ್ಕರಿಸಿ, ಮಗುವಿನ ಪರಿಸ್ಥಿತಿಗೆ ತಕ್ಕ ಪ್ರಗತಿ ಸಾಧ್ಯವಾಗುವಂತೆ ಯೋಜನೆ ಇರಬೇಕು ಎಂದರು. ಅದೇ ಮೇಲ್ಮನವಿ ನ್ಯಾಯಾಲಯದಲ್ಲಿದ್ದಾಗ ಆ ಕೆಳಮಟ್ಟದ ಅಳತೆಯನ್ನು ಬಳಸಿ 2008ರ ತೀರ್ಪೊಂದನ್ನು ಬರೆದಿದ್ದವರು ನೀಲ್ ಗೋರ್ಸಚ್. ಎಂಡ್ರೂ ಎಫ್. ಎಂದು ಹೆಸರಾದ ಈ ತೀರ್ಪು ಹೊರಬಿದ್ದ ದಿನ ಅವರು ಸುಪ್ರೀಂ ಕೋರ್ಟಿನ ನೇಮಕಕ್ಕಾಗಿ ಸೆನೆಟ್ ಸಮಿತಿಯ ಮುಂದೆ ಕುಳಿತಿದ್ದರು.

ಹೊಸ ಓದುಗ:

ಹೆಸರುಗಳ ಬದಲಾವಣೆಯ ಬಗ್ಗೆಯೂ ಯಾರಾದರೂ ಬರೆಯುವಿರಾ?

ಇತಿಹಾಸದ ವಿದ್ಯಾರ್ಥಿನಿ:

ಚುಟುಕಾಗಿ ಹೇಳುತ್ತೇನೆ. 1990ರಲ್ಲಿ 1975ರ ಕಾಯ್ದೆಯ ಹೆಸರು ‘ಅಂಗವೈಕಲ್ಯವುಳ್ಳ ವ್ಯಕ್ತಿಗಳ ಶಿಕ್ಷಣ ಕಾಯ್ದೆ’ ಎಂದಾಯಿತು, ವ್ಯಕ್ತಿಯನ್ನು ಮುಂದಿಟ್ಟು ಹೇಳುವ ಕ್ರಮಕ್ಕಾಗಿ. ಆಟಿಸಂ ಪ್ರತ್ಯೇಕ ವರ್ಗವಾಗಿ ಸೇರಿದ್ದೂ ಆಗಲೇ. ಶಾಲೆಯ ಆಚೆಗೂ ತಾರತಮ್ಯವನ್ನು ನಿಷೇಧಿಸಿದ ಅಮೆರಿಕದ ಅಂಗವಿಕಲರ ಕಾಯ್ದೆ ಅದೇ ವರ್ಷದ ಜುಲೈ 26ರದು. ‘ಬುದ್ಧಿಮಾಂದ್ಯ’ ಎಂಬರ್ಥದ ಪದವನ್ನು ಒಕ್ಕೂಟದ ಕಾನೂನುಗಳಿಂದ ತೆಗೆದು ‘ಬೌದ್ಧಿಕ ಅಂಗವೈಕಲ್ಯ’ ಎಂದು ಬರೆದದ್ದು 2010ರಲ್ಲಿ. ಇಷ್ಟೆಲ್ಲ ಮಾಡಿದ ದೇಶ ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಇಂದಿಗೂ ಅನುಮೋದಿಸಿಲ್ಲ. 2012ರ ಡಿಸೆಂಬರ್ 4ರಂದು ಸೆನೆಟ್‌ನಲ್ಲಿ 61–38 ಮತಗಳು ಬಿದ್ದು, ಮೂರನೆಯ ಎರಡರಷ್ಟು ಬಹುಮತಕ್ಕೆ ಐದು ಮತ ಕಡಿಮೆಯಾಯಿತು. ಯುದ್ಧದಲ್ಲಿ ಗಾಯಗೊಂಡು ತೋಳಿನ ಬಲ ಕಳೆದುಕೊಂಡಿದ್ದ ಹಿರಿಯ ನಾಯಕ ಬಾಬ್ ಡೋಲ್ ಗಾಲಿಕುರ್ಚಿಯಲ್ಲಿ ಸದನಕ್ಕೆ ಬಂದು ಕುಳಿತರೂ ಅವರದೇ ಪಕ್ಷದ ಬಹುತೇಕರು ವಿರುದ್ಧ ಮತ ಹಾಕಿದರು. ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ಪೋಷಕರ ಸ್ವಾತಂತ್ರ್ಯಕ್ಕೆ ಒಡಂಬಡಿಕೆಯಿಂದ ಧಕ್ಕೆ ಬರುತ್ತದೆ ಎಂಬ ಭಯವನ್ನು ಆಗ ವ್ಯಾಪಕವಾಗಿ ಹರಡಲಾಗಿತ್ತು.

ಸಂಜ್ಞಾ ಭಾಷೆಯ ದುಭಾಷಿ:

ಓದುಗರೇ, ನಿಮ್ಮ ಮೊದಲ ಬರಹಕ್ಕೆ ನನ್ನ ಕೊನೆಯ ಉತ್ತರ ಒಂದು ಪ್ರಕರಣದ ರೂಪದಲ್ಲಿದೆ. ಮಿಷಿಗನ್ನಿನ ಸ್ಟರ್ಜಿಸ್‌ನಲ್ಲಿ ಮಿಗೆಲ್ ಪೆರೆಜ್ ಎಂಬ ಕಿವುಡ ಬಾಲಕ ಒಂಬತ್ತನೆಯ ವಯಸ್ಸಿನಿಂದ ಇಪ್ಪತ್ತರವರೆಗೆ ಓದಿದ. ಶಾಲೆ ಕೊಟ್ಟ ಸಹಾಯಕರಿಗೆ ಸಂಜ್ಞಾ ಭಾಷೆ ಸರಿಯಾಗಿ ಬರುತ್ತಿರಲಿಲ್ಲ, ಗಂಟೆಗಟ್ಟಲೆ ಅವರು ಇರುತ್ತಲೂ ಇರಲಿಲ್ಲ, ಆದರೂ ಅಂಕಗಳು ಉಬ್ಬಿಕೊಂಡು ಬರುತ್ತಿದ್ದವು ಎಂಬುದು ಕುಟುಂಬದ ದೂರು. ಪದವಿ ಪ್ರದಾನಕ್ಕೆ ಕೆಲವು ತಿಂಗಳು ಮಾತ್ರ ಉಳಿದಿರುವಾಗ ಅವನಿಗೆ ಪ್ರಮಾಣಪತ್ರ ಸಿಗುವುದಿಲ್ಲವೆಂದು ತಂದೆತಾಯಿಗೆ ತಿಳಿಯಿತು. ಅವರೂ ಆ ಕುರ್ಚಿಯ ಹಕ್ಕುಳ್ಳವರೇ. ಆದರೆ ಮುಂದಿಟ್ಟ ಅಂಕಪಟ್ಟಿಯಲ್ಲಿ ಎಲ್ಲವೂ ಚೆನ್ನಾಗಿರುವಾಗ ಅಲ್ಲಿ ಕುಳಿತು ಅವರು ಏನನ್ನು ಪ್ರಶ್ನಿಸಬೇಕಿತ್ತು?

ಕಾನೂನಿನ ಓದುಗ:

ಈ ಪ್ರಶ್ನೆಗೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ವಿಧಾನ ಎಲ್ಲವನ್ನೂ ಹಿಡಿದುಕೊಡುತ್ತದೆ ಎಂಬ ಅರ್ಥ ನನ್ನ ಮಾತಿನಲ್ಲಿ ಬಂದಿದ್ದರೆ ಅದನ್ನು ಹಿಂತೆಗೆದುಕೊಳ್ಳುತ್ತೇನೆ. ಪ್ರಕರಣದ ಮುಂದಿನ ಭಾಗವನ್ನು ಮಾತ್ರ ಸೇರಿಸುತ್ತೇನೆ. ಶಿಕ್ಷಣ ಕಾಯ್ದೆಯಡಿ ತಂದ ದೂರು ರಾಜಿಯಲ್ಲಿ ಮುಗಿದು, ಅವನಿಗೆ ಕಿವುಡರ ಶಾಲೆಯಲ್ಲಿ ಮುಂದೆ ಓದುವ ಅವಕಾಶ ದೊರೆಯಿತು. ಕಳೆದುಹೋದ ವರ್ಷಗಳಿಗೆ ಹಣದ ಪರಿಹಾರ ಆ ಕಾಯ್ದೆಯಲ್ಲಿ ಇಲ್ಲದ ಕಾರಣ ಅವನು 1990ರ ಅಂಗವಿಕಲರ ಕಾಯ್ದೆಯಡಿ ದಾವೆ ಹೂಡಿದ. ಶಿಕ್ಷಣ ಕಾಯ್ದೆಯ ಮೆಟ್ಟಿಲುಗಳನ್ನು ಪೂರ್ತಿ ಹತ್ತಿಲ್ಲ ಎಂದು ಕೆಳಗಿನ ನ್ಯಾಯಾಲಯಗಳು ಅದನ್ನು ವಜಾ ಮಾಡಿದ್ದವು. 2023ರ ಮಾರ್ಚ್ 21ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ಆದೇಶವನ್ನು ರದ್ದುಪಡಿಸಿ, ದಾವೆಯನ್ನು ಮುಂದುವರಿಸಬಹುದೆಂದು ಹೇಳಿತು. ತೀರ್ಪು ಬರೆದವರು ನ್ಯಾಯಮೂರ್ತಿ ಗೋರ್ಸಚ್.